ಜಿಪ್ಸಿಗೆ ಕಡಿಮೆ ಖರ್ಚಿನ ಡಿಫ್ ಲಾಕ್: ಹಿಂದಕ್ಕೋ, ಮುಂದಕ್ಕೋ?

ಪ್ರಶ್ನೆ: ನಾಲೆಏರಿ (ಪಾಂಡವಪುರ)

ಎಲ್ಲರಿಗೂ ನಮಸ್ಕಾರ. ನನ್ನ ಬಳಿ 2004ರ ಮಾರುತಿ ಜಿಪ್ಸಿ ಕಿಂಗ್ ಇದೆ. 1.3 ಲೀಟರಿನ ಪೆಟ್ರೋಲ್ ಎಂಜಿನ್, ಹಿಂದೆ ಮುಂದೆ ಪಟ್ಟಾ ಸ್ಪ್ರಿಂಗು, ಕೈಯಿಂದ ತಿರುಗಿಸುವ ಮುಂದಿನ ಹಬ್ (ಗಾಲಿಯನ್ನು ಆಕ್ಸಲಿಗೆ ಸೇರಿಸುವ, ಬೇಡವಾದಾಗ ಬಿಡಿಸುವ ಭಾಗ), 205/70 ಆರ್ 15 ಅಳತೆಯ ಮಾಮೂಲಿ ರಸ್ತೆ ಟೈರು. ಅದರ ಜಾತಕ ಇಷ್ಟು. ವಾರದಲ್ಲಿ ಐದು ದಿನ ಶ್ರೀರಂಗಪಟ್ಟಣದ ಮೇಲೆ ಮೈಸೂರಿಗೆ ಕೆಲಸಕ್ಕೆ ಹೋಗಿಬರುತ್ತೇನೆ, ಒಮ್ಮೊಮ್ಮೆ ನಮ್ಮ ಮನೆಯವರೂ ಓಡಿಸುತ್ತಾರೆ. ಶನಿವಾರ, ಭಾನುವಾರ ತೋಟದ ಕೆಲಸವಿರುತ್ತದೆ. ವರ್ಷಕ್ಕೆ ಮೂರು ನಾಲ್ಕು ಸಲ ಸ್ನೇಹಿತರೊಡನೆ ಮೇಲುಕೋಟೆ, ನಾಗಮಂಗಲದ ಕಡೆಯ ಕಲ್ಲುದಾರಿಗಳಿಗೂ ಹೋಗುವುದುಂಟು.

ತೊಂದರೆ ಇರುವುದು ತೋಟದ ದಾರಿಯಲ್ಲಿ. ವಿಶ್ವೇಶ್ವರಯ್ಯ ನಾಲೆಯ ಒಂದು ಕವಲಿನ ಏರಿಯ ಕೆಳಗೆ ಸುಮಾರು 600 ಮೀಟರ್ ಗಾಡಿದಾರಿಯಿದ್ದು, ಕೆ.ಆರ್.ಎಸ್.ನಿಂದ ನೀರು ಬಿಟ್ಟ ಮೂರನೆಯ ದಿನಕ್ಕೆ ಅಲ್ಲಿ ಜೌಗು ಏಳುತ್ತದೆ. ಅದೇ ಜಾಗದಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರುಗಳು ಓಡಾಡಿ ಜಾಡು ಆಳವಾಗಿ ಕುಸಿದಿರುವುದರಿಂದ ನನ್ನ ಗಾಡಿಯ ಒಂದು ಪಕ್ಕ ದಿಬ್ಬದ ಮೇಲೆ, ಇನ್ನೊಂದು ಪಕ್ಕ ಗುಂಡಿಯಲ್ಲಿ ಓಡಬೇಕಾಗುತ್ತದೆ. ಹೋದ ತಿಂಗಳು ಫೋರ್ ವ್ಹೀಲ್ ಲೋ ಗೇರಿನಲ್ಲಿಯೇ ಸಿಕ್ಕಿಕೊಂಡೆ. ಇಳಿದು ನೋಡಿದರೆ ಮುಂದಿನ ಎಡಗಾಲಿ ಮತ್ತು ಹಿಂದಿನ ಬಲಗಾಲಿ ಕೆಸರು ಎರಚುತ್ತ ತಿರುಗಿ ತಮ್ಮ ಗುಂಡಿಯನ್ನು ತಾವೇ ತೋಡಿಕೊಂಡಿದ್ದವು. ಉಳಿದೆರಡು ಗಾಲಿಗಳ ಹಲ್ಲಿನಲ್ಲಿ ಕೆಸರು ಸಹ ಮೆತ್ತಿರಲಿಲ್ಲ. ಪಕ್ಕದ ಜಮೀನಿನವರು ಟ್ರ್ಯಾಕ್ಟರು ತಂದು ಎಳೆದುಕೊಟ್ಟರು. ಎಳೆಯುವಾಗ ಅವರ ಗಾಡಿಯ ಒಂದು ಗಾಲಿಯೂ ಜಾರಿತು, ಆದರೆ ಅವರು ಹಿಮ್ಮಡಿಯಿಂದ ಡಿಫ್ ಲಾಕ್ (ಎಡಬಲ ಗಾಲಿಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲನ್ನು ಬಿಗಿಯುವ) ಪೆಡಲನ್ನು ಒತ್ತಿದ ಕೂಡಲೇ ಎರಡೂ ಗಾಲಿ ಒಟ್ಟಿಗೆ ಕಚ್ಚಿ ಹೊರಗೆ ಬಂದವು. "ನಿಮ್ಮದು ನಾಲ್ಕು ಗಾಲಿಯ ಗಾಡಿ ಅಂತೀರಲ್ಲ ಬುದ್ಧಿ, ಇದೊಂದು ಪೆಡಲ್ ಇಲ್ಲವಾ?" ಎಂದು ಕೇಳಿದರು. ಆ ಮಾತು ನಾಟಿತು.

ಕೂಲಿ ಸೇರಿ 40,000 ರೂಪಾಯಿಯವರೆಗೆ ಖರ್ಚು ಮಾಡಬಲ್ಲೆ. ಒಂದು ಗ್ಯಾರೇಜಿನವರು ಡಿಫ್ ಒಳಗಿನ ಹಲ್ಲುಗಳನ್ನು ವೆಲ್ಡ್ ಮಾಡಿಬಿಟ್ಟರೆ ಐದು ಸಾವಿರದೊಳಗೆ ಮುಗಿಯುತ್ತದೆ ಎನ್ನುತ್ತಾರೆ. ಲಂಚ್‌ಬಾಕ್ಸ್ ಲಾಕರ್, ಪ್ಲೇಟಿನ ಲಿಮಿಟೆಡ್ ಸ್ಲಿಪ್, ಗಾಳಿಯಿಂದ ಕೂರುವ ಲಾಕರ್, ಹಳೆಯ ಥಾರಿನಿಂದ ಬಿಚ್ಚಿದ ಲಾಕ್ ಹೀಗೆ ಬೇರೆ ಬೇರೆ ಹೆಸರುಗಳನ್ನು ಕೇಳಿದ್ದೇನೆ. ಒಂದೇ ಆಕ್ಸಲಿಗೆ ಹಾಕಿಸುವಷ್ಟು ಹಣವಿರುವಾಗ ಯಾವುದನ್ನು, ಎಲ್ಲಿಗೆ ಹಾಕಿಸಬೇಕೆಂದು ತಿಳಿದವರು ಹೇಳಬೇಕಾಗಿ ವಿನಂತಿ.

ಉತ್ತರ: ಆಲೆಮನೆ (ಮಂಡ್ಯ)

ವೆಲ್ಡಿಂಗ್ ವಿಚಾರಕ್ಕೆ ಮಾತ್ರ ಉತ್ತರಿಸುತ್ತೇನೆ, ಏಕೆಂದರೆ ನಾನು ಅದನ್ನು ಮಾಡಿಸಿ ಅನುಭವಿಸಿದವನು. ನನ್ನ ಹಳೆಯ ಜೀಪಿನ ಹಿಂದಿನ ಡಿಫ್ ವೆಲ್ಡ್ ಮಾಡಿಸಿದ ಮೊದಲ ವಾರ ನನಗೂ ಬಹಳ ಸಂತೋಷವಾಗಿತ್ತು, ಕೆಸರಿನಲ್ಲಿ ಅದು ನಿಲ್ಲುತ್ತಲೇ ಇರಲಿಲ್ಲ. ಆಮೇಲೆ ಟಾರು ರಸ್ತೆಯ ಲೆಕ್ಕ ಶುರುವಾಯಿತು. ಗಾಡಿಯ ಎರಡು ಗಾಲಿಗಳ ನಡುವಿನ ಅಗಲ 1.3 ಮೀಟರ್ ಎಂದಿಟ್ಟುಕೊಂಡರೆ, 90 ಡಿಗ್ರಿ ತಿರುವು ಮುಗಿಯುವಷ್ಟರಲ್ಲಿ ಹೊರಗಿನ ಗಾಲಿಯು ಒಳಗಿನದಕ್ಕಿಂತ ಸುಮಾರು 2 ಮೀಟರ್ ಹೆಚ್ಚು ಓಡಲೇಬೇಕು. ತಿರುವು ಕಿರಿದಾದರೂ ಅಗಲವಾದರೂ ಆ 2 ಮೀಟರ್ ಬದಲಾಗುವುದಿಲ್ಲ. ನಿಮ್ಮ ಅಳತೆಯ ಟೈರು ಒಂದು ಸುತ್ತಿಗೆ ಕ್ರಮಿಸುವ ದೂರವೂ ಹೆಚ್ಚುಕಡಿಮೆ ಅಷ್ಟೇ. ಅಂದರೆ ವೆಲ್ಡ್ ಆದ ಆಕ್ಸಲಿನಲ್ಲಿ ಊರೊಳಗಿನ ಪ್ರತಿಯೊಂದು ಮೂಲೆ ತಿರುವಿಗೂ ಒಂದು ಪೂರ್ತಿ ಸುತ್ತಿನಷ್ಟು ರಬ್ಬರು ರಸ್ತೆಯ ಮೇಲೆ ಉಜ್ಜಿಹೋಗಬೇಕು, ಇಲ್ಲವೇ ಆ ತಿರುಚನ್ನೆಲ್ಲ ಆಕ್ಸಲ್ ಶಾಫ್ಟು ನುಂಗಿಕೊಳ್ಳಬೇಕು.

ನನ್ನದು ಎಂಟು ತಿಂಗಳು ನುಂಗಿಕೊಂಡಿತು. ಜಕ್ಕನಹಳ್ಳಿಯಿಂದ ಮೇಲುಕೋಟೆಗೆ ಹತ್ತುವಾಗ ಒಂದು ತಿರುವಿನಲ್ಲಿ ಬಂದೂಕು ಸಿಡಿದಂತೆ ಸದ್ದಾಗಿ ಎಡಗಡೆಯ ಶಾಫ್ಟು ಹಲ್ಲಿನ ಬುಡದಲ್ಲಿಯೇ ಮುರಿಯಿತು. ಹೌಸಿಂಗ್ ಬಿಚ್ಚಿಸಿದಾಗ ವೆಲ್ಡಿನಿಂದ ಉದುರಿದ ಚೂರೊಂದು ಕ್ರೌನಿನ (ಡಿಫಿನ ದೊಡ್ಡ ಹಲ್ಲುಗಾಲಿಯ) ಎರಡು ಹಲ್ಲುಗಳನ್ನೂ ತಿಂದಿತ್ತು. ವೆಲ್ಡಿಂಗಿಗೆ ಕೊಟ್ಟಿದ್ದು ಮೂರು ಸಾವಿರ, ಅದನ್ನು ಬಿಡಿಸಿಕೊಳ್ಳಲು ಕೊಟ್ಟಿದ್ದು ಅದರ ಎಂಟರಷ್ಟು. ಮನೆಯವರೂ ಓಡಿಸುವ ಗಾಡಿಗೆ ದಯವಿಟ್ಟು ಆ ಕೆಲಸ ಮಾಡಿಸಬೇಡಿ.

ಉತ್ತರ: ಬನ್ನಿಮಂಟಪ ಗ್ಯಾರೇಜು (ಮೈಸೂರು)

ನಾಲೆಏರಿಯವರೇ, ನೀವು ಕಂಡದ್ದು ನಿಮ್ಮ ಗಾಡಿಯ ದೋಷವಲ್ಲ, ಮಾಮೂಲಿ ಡಿಫ್ ಇರುವುದೇ ಹಾಗೆ. ಅದು ಜಾರುವ ಗಾಲಿಗೆ ಶಕ್ತಿಯನ್ನೆಲ್ಲ ಕಳಿಸುತ್ತದೆ ಎಂದು ಹಲವರು ಹೇಳುತ್ತಾರೆ, ಅದು ಅರ್ಧ ಸತ್ಯ. ಅದು ಎರಡೂ ಗಾಲಿಗೆ ಯಾವಾಗಲೂ ಸಮನಾದ ಟಾರ್ಕನ್ನೇ (ತಿರುಗಿಸುವ ಬಲವನ್ನೇ) ಹಂಚುತ್ತದೆ, ಆ ಸಮಪಾಲೇ ನಮಗೆ ಮುಳುವಾಗುವುದು. ಕೆಸರಿನಲ್ಲಿರುವ ಗಾಲಿ 100 ನ್ಯೂಟನ್ ಮೀಟರಿಗೇ ಜಾರಿದರೆ ಗಟ್ಟಿ ನೆಲದಲ್ಲಿರುವ ಗಾಲಿಗೂ 100 ಮಾತ್ರ ಸಿಗುತ್ತದೆ, ಎಂಜಿನ್ ಎಷ್ಟು ಅರಚಿದರೂ ಅದಕ್ಕಿಂತ ಹೆಚ್ಚು ಸಿಗದು. ಫೋರ್ ವ್ಹೀಲ್ ಹಾಕಿದಾಗ ಟ್ರಾನ್ಸ್‌ಫರ್ ಕೇಸು (ಎಂಜಿನ್ನಿನ ಶಕ್ತಿಯನ್ನು ಹಿಂದೆ ಮುಂದೆ ಕಳಿಸುವ ಗೇರ್ ಪೆಟ್ಟಿಗೆ) ಮುಂದಿನ ಆಕ್ಸಲನ್ನೂ ಹಿಂದಿನ ಆಕ್ಸಲನ್ನೂ ಒಂದಕ್ಕೊಂದು ಬಿಗಿಯುತ್ತದೆಯೇ ಹೊರತು ಎಡಬಲವನ್ನು ಬಿಗಿಯುವುದಿಲ್ಲ. ಆದ್ದರಿಂದಲೇ ಮುಂದೊಂದು, ಹಿಂದೊಂದು ಗಾಲಿ ತಿರುಗಿ ನಿಮ್ಮ ಗಾಡಿ ನಿಂತಿತು. ಇದರಲ್ಲಿ ಒಂದು ಒಳ್ಳೆಯ ಸುದ್ದಿಯೂ ಇದೆ. ಎರಡರಲ್ಲಿ ಯಾವುದಾದರೂ ಒಂದೇ ಆಕ್ಸಲನ್ನು ಬಿಗಿದರೂ ನೀವು ಸಿಕ್ಕಿಕೊಂಡ ಸ್ಥಿತಿಯಿಂದ ಗಾಡಿ ಹೊರಬರುತ್ತಿತ್ತು.

ಈಗ ನೀವು ಹೇಳಿದ ಬಗೆಗಳನ್ನು ನೋಡೋಣ. ಪ್ಲೇಟಿನ ಲಿಮಿಟೆಡ್ ಸ್ಲಿಪ್‌ನಲ್ಲಿ ಕ್ಲಚ್ ಪ್ಲೇಟುಗಳು ಎರಡೂ ಕಡೆಯ ಗೇರನ್ನು ಒಂದಿಷ್ಟು ಒತ್ತಿಹಿಡಿದಿರುತ್ತವೆ. ರಸ್ತೆಯ ಮೇಲೆ ಅದು ಸೌಮ್ಯವಾಗಿರುತ್ತದೆ, ಆದರೆ ಒಂದು ಗಾಲಿ ಪೂರ್ತಿ ಸಡಿಲವಾದಾಗ ಇನ್ನೊಂದಕ್ಕೆ ಸಿಗುವುದು ಆ ಒತ್ತಡದಷ್ಟೇ. ಜೊತೆಗೆ ಪ್ಲೇಟುಗಳು ಸವೆಯುತ್ತವೆ, ಅದಕ್ಕೆಂದೇ ಇರುವ ಮಿಶ್ರಣ ಬೆರೆಸಿದ ಗೇರ್ ಆಯಿಲನ್ನೇ ಹಾಕಬೇಕಾಗುತ್ತದೆ. ಸೆಕೆಂಡ್ ಹ್ಯಾಂಡ್ ಪ್ಲೇಟಿನ ಡಿಫ್ ಕೊಳ್ಳುವುದೆಂದರೆ ಸವೆದ ಕ್ಲಚ್ಚನ್ನು ದುಡ್ಡು ಕೊಟ್ಟು ತಂದಂತೆ. ಗೇರುಗಳಿಂದಲೇ ನಡೆಯುವ ಟಾರ್ಸೆನ್ ಬಗೆಯದು ಸವೆಯುವುದು ಕಡಿಮೆ. ಜಾರುವ ಗಾಲಿಯ ಹಿಡಿತವನ್ನು ಎರಡು ಮೂರು ಪಟ್ಟು ಮಾಡಿ ಇನ್ನೊಂದಕ್ಕೆ ಕೊಡುತ್ತದೆ. ಆದರೆ ಗಾಲಿ ಗಾಳಿಯಲ್ಲಿ ತೂಗಿದಾಗ ಸೊನ್ನೆಯ ಮೂರು ಪಟ್ಟೂ ಸೊನ್ನೆಯೇ. ಗಟ್ಟಿ ಪಟ್ಟಾ ಇರುವ ಜಿಪ್ಸಿ ಹಳ್ಳದಿಣ್ಣೆಯಲ್ಲಿ ಗಾಲಿ ಎತ್ತುವುದೇ ಹೆಚ್ಚು. ಗಾಳಿಯ ಲಾಕರ್ ಎಲ್ಲಕ್ಕಿಂತ ಉತ್ತಮ, ಬೇಕೆಂದಾಗ ಕೂರುತ್ತದೆ, ಬೇಡವೆಂದಾಗ ಬಿಡುತ್ತದೆ. ಕಂಪ್ರೆಸರ್ ಸೇರಿಸಿದರೆ ನಿಮ್ಮ ಬಜೆಟ್ಟಿನ ದುಪ್ಪಟ್ಟೂ ಸಾಲದು.

ಬಿಡಿಭಾಗದ ಬೆಲೆಯನ್ನೇ ನೋಡುವವರು ಒಂದು ಖರ್ಚನ್ನು ಮರೆಯುತ್ತಾರೆ. ಪ್ಲೇಟಿನದು, ಟಾರ್ಸೆನ್, ಗಾಳಿಯದು ಈ ಮೂರೂ ಡಿಫಿನ ಗೂಡನ್ನೇ ಬದಲಾಯಿಸುವಂಥವು. ಹಾಗೆಂದರೆ ಕ್ರೌನನ್ನು ಹೊಸ ಗೂಡಿಗೆ ಕಟ್ಟಿ, ಬೇರಿಂಗಿಗೆ ಶಿಮ್ (ತೆಳು ಬಿಲ್ಲೆ) ಕೂರಿಸಿ, ಕ್ರೌನ್ ಮತ್ತು ಅದನ್ನು ತಿರುಗಿಸುವ ಪಿನಿಯನ್ ನಡುವಿನ ಬ್ಯಾಕ್‌ಲ್ಯಾಶನ್ನು (ಹಲ್ಲುಗಳ ಸಡಿಲವನ್ನು) ಡಯಲ್ ಗೇಜಿನಲ್ಲಿ ಅಳೆದು, ಹಲ್ಲಿಗೆ ನೀಲಿ ಬಳಿದು ತಿರುಗಿಸಿ ಗುರುತು ಹಲ್ಲಿನ ನಡುವೆ ಬೀಳುತ್ತಿದೆಯೇ ತುದಿಗೆ ಬೀಳುತ್ತಿದೆಯೇ ಎಂದು ನೋಡಿ, ತುದಿಗೆ ಬಿದ್ದರೆ ಎಲ್ಲವನ್ನೂ ಬಿಚ್ಚಿ ಮತ್ತೆ ಮೊದಲಿನಿಂದ ಶುರುಮಾಡಬೇಕು. ಈ ಕೆಲಸವನ್ನು ತಾಳ್ಮೆಯಿಂದ ಮಾಡುವ ಕೈಗಳು ನಮ್ಮ ಕಡೆ ಬೆರಳೆಣಿಕೆಯಷ್ಟೇ ಇವೆ. ತಪ್ಪಾಗಿ ಕೂರಿಸಿದ ಡಿಫ್ 60 ಕಿಲೋಮೀಟರ್ ವೇಗ ದಾಟಿದೊಡನೆ ಊಳಿಡುತ್ತದೆ.

ಲಂಚ್‌ಬಾಕ್ಸ್ ಲಾಕರ್ ಈ ರಗಳೆಯನ್ನು ತಪ್ಪಿಸುತ್ತದೆ. ಅದು ಗೂಡನ್ನೂ ಕ್ರೌನನ್ನೂ ಹಾಗೆಯೇ ಉಳಿಸಿ, ಒಳಗಿನ ಸ್ಟಾರ್ ಪಿನಿಯನ್ನು ಮತ್ತು ಸನ್ ಗೇರು ಎಂಬ ಸಣ್ಣ ಗೇರುಗಳ ಜಾಗದಲ್ಲಿ ಕೂರುವ ಹಲ್ಲಿನ ಬಿಲ್ಲೆಗಳ ಜೋಡಿ. ಎಂಜಿನ್ ಎಳೆಯುವಾಗ ನಡುವಿನ ಪಿನ್ನು ಬಿಲ್ಲೆಗಳನ್ನು ಹೊರಕ್ಕೆ ಒತ್ತಿ ಎರಡೂ ಗಾಲಿಯನ್ನು ಬಿಗಿಯುತ್ತದೆ. ತಿರುವಿನಲ್ಲಿ ಹೊರಗಿನ ಗಾಲಿ ಮುಂದೋಡಿದರೆ ಆ ಕಡೆಯ ಹಲ್ಲು ಕಟಕಟ ಎಂದು ಹಾರಿ ಬಿಡುತ್ತದೆ. ಆ ಸದ್ದು ಕೇಳಿ ಗಾಬರಿಯಾಗಬೇಕಾಗಿಲ್ಲ. ಹೊರದೇಶದಿಂದ ತರಿಸಿ, ಸಾಗಣೆ ಮತ್ತು ಸುಂಕ ಕಟ್ಟಿದರೂ ನಿಮ್ಮ 40,000ದ ಒಳಗೆ ಒಂದು ಆಕ್ಸಲಿನ ಕೆಲಸ ಮುಗಿಯಬಹುದು. ಆರ್ಡರ್ ಕೊಡುವ ಮೊದಲು ಆಕ್ಸಲ್ ಶಾಫ್ಟನ್ನು ಹೊರಗೆಳೆದು ಸ್ಪ್ಲೈನ್ ಹಲ್ಲನ್ನು (ಶಾಫ್ಟಿನ ತುದಿಯ ಉದ್ದನೆಯ ಹಲ್ಲುಗಳನ್ನು) ನೀವೇ ಎಣಿಸಬೇಕು. ಇಪ್ಪತ್ತು ವರ್ಷದ ಗಾಡಿಗಳಲ್ಲಿ ಹಿಂದಿನ ಮಾಲೀಕರು ಬೇರೆ ಮಾದರಿಯ ಆಕ್ಸಲ್ ಹಾಕಿಸಿರುವುದುಂಟು, ಆರ್.ಸಿ. ನೋಡಿ ತರಿಸಿದ ಮಾಲು ಕೂರದೆ ಕಪಾಟಿನಲ್ಲಿ ಉಳಿದದ್ದನ್ನು ಕಂಡಿದ್ದೇನೆ.

ಹಿಂದಕ್ಕೋ ಮುಂದಕ್ಕೋ ಎಂಬುದಕ್ಕೆ ನನ್ನ ಉತ್ತರ: ನಿಮ್ಮ ಗಾಡಿಗೆ ಮುಂದಕ್ಕೆ. ಹಿಂದೆ ಹಾಕಿದರೆ ದಿನವೂ ಮೈಸೂರು ರಸ್ತೆಯಲ್ಲಿ ಅದು ನಿಮ್ಮ ಜೊತೆಗಿರುತ್ತದೆ. ಮಳೆಯಲ್ಲಿ ತಿರುವಿನ ನಡುವೆ ಆಕ್ಸಿಲರೇಟರ್ ಬಿಟ್ಟು ಒತ್ತಿದಾಗ ಗಾಡಿಯ ಬಾಲ ಒಂದು ಸಲ ಈ ಕಡೆಗೆ, ಒಂದು ಸಲ ಆ ಕಡೆಗೆ ಎಳೆಯುತ್ತದೆ. ಅಭ್ಯಾಸವಿಲ್ಲದೆ ಸ್ಟಿಯರಿಂಗ್ ಹಿಡಿದವರಿಗೆ ಅದು ಭಯ ಹುಟ್ಟಿಸುತ್ತದೆ. ನಿಮ್ಮ ಮುಂದಿನ ಹಬ್ಬುಗಳು ಕೈಯಿಂದ ಬಿಡಿಸುವಂಥವು. ಅವನ್ನು ಬಿಡಿಸಿಟ್ಟರೆ ರಸ್ತೆಯಲ್ಲಿ ಮುಂದಿನ ಲಾಕರ್ ಇದೆಯೋ ಇಲ್ಲವೋ ಎಂಬುದೇ ತಿಳಿಯದು. ತೋಟದ ದಾರಿ ಬಂದಾಗ ಇಳಿದು ಎರಡು ಹಬ್ ತಿರುಗಿಸಿದರೆ ನಿಮ್ಮ ನೆರೆಯವರ ಪೆಡಲ್ ನಿಮಗೂ ಬಂದಂತೆಯೇ. ಇಂಥ ಹಬ್ ಇಲ್ಲದೆ, ಗಾಲಿಯನ್ನು ಆಕ್ಸಲಿಗೆ ಸದಾ ಸೇರಿಸಿಡುವ ಫ್ಲ್ಯಾಂಜ್ ಬಿಗಿದಿರುವ ಗಾಡಿಗೆ ಈ ಸಲಹೆಯನ್ನು ನಾನು ಕೊಡುತ್ತಿರಲಿಲ್ಲ.

ಉತ್ತರ: ಥಾರಿನವನು (ಹುಣಸೂರು ರಸ್ತೆ, ಮೈಸೂರು)

ಗ್ಯಾರೇಜಿನವರ ವಿವರಣೆಯನ್ನು ಒಪ್ಪುತ್ತೇನೆ, ತೀರ್ಪನ್ನು ಅಷ್ಟಾಗಿ ಒಪ್ಪಲಾರೆ. ಏರು ಹತ್ತುವಾಗ ಗಾಡಿಯ ಭಾರ ಹಿಂದಕ್ಕೆ ಸರಿದು ಮುಂದಿನ ಗಾಲಿಗಳು ಹಗುರವಾಗುತ್ತವೆ. ಎರಡು ಹಗುರವಾದ ಗಾಲಿಗಳನ್ನು ಒಂದಕ್ಕೊಂದು ಬಿಗಿದು ಪ್ರಯೋಜನವೇನು? ಕಲ್ಲುದಾರಿಯಲ್ಲಿ ಕೆಲಸ ಮಾಡುವುದು ಹಿಂದಿನ ಲಾಕ್. ಕಾರ್ಖಾನೆಯಿಂದಲೇ ಒಂದೇ ಲಾಕ್ ಕೊಡುವವರೂ ಅದನ್ನು ಹಿಂದಕ್ಕೇ ಕೊಡುತ್ತಾರೆ. ಇದಲ್ಲದೆ ಜಿಪ್ಸಿಯ ಮುಂದಿನ ಆಕ್ಸಲಿನ ತುದಿಯಲ್ಲಿರುವ ಬರ್‌ಫೀಲ್ಡ್ ಜಾಯಿಂಟು (ಗಾಲಿ ಪಕ್ಕಕ್ಕೆ ತಿರುಗಿದಾಗಲೂ ಅದಕ್ಕೆ ಶಕ್ತಿ ಮುಟ್ಟಿಸುವ ಗುಂಡಿನ ಕೀಲು) ಪೂರ್ತಿ ಸ್ಟಿಯರಿಂಗ್ ತಿರುಗಿಸಿದಾಗಲೇ ಅತ್ಯಂತ ದುರ್ಬಲವಾಗಿರುತ್ತದೆ. ಅಲ್ಲಿ ಲಾಕರ್ ಹಾಕಿ, ಗಾಲಿ ಕಲ್ಲಿನ ಸಂದಿಗೆ ಸಿಕ್ಕಿ, ಅವಸರದಲ್ಲಿ ಆಕ್ಸಿಲರೇಟರ್ ತುಳಿದರೆ ಗುಂಡುಗಳ ಗೂಡು ಸಿಡಿಯುತ್ತದೆ.

ಥಾರಿನಿಂದ ಬಿಚ್ಚಿದ ಲಾಕಿನ ಆಸೆಯನ್ನು ಬಿಟ್ಟುಬಿಡಿ, ಅದು ಜಿಪ್ಸಿಯ ಹೌಸಿಂಗಿಗೆ ಕೂರುವುದಿಲ್ಲ. 2015ರ ಥಾರ್ ಸಿಆರ್‌ಡಿಇಯಿಂದ ಹಿಂದಿನ ಆಕ್ಸಲಿನಲ್ಲಿ ಬಂದದ್ದು ಈಟನ್ ಕಂಪನಿಯ ಮೆಕ್ಯಾನಿಕಲ್ ಲಾಕ್. ಎರಡು ಗಾಲಿಗಳ ವೇಗದ ಅಂತರ ಸುಮಾರು 100 ಆರ್‌ಪಿಎಂ ದಾಟಿದಾಗ ಒಳಗಿನ ಸಣ್ಣ ತೂಕದ ತುಂಡುಗಳು ಹೊರಕ್ಕೆ ಚಿಮ್ಮಿ ಅದನ್ನು ಕಚ್ಚಿಸುತ್ತವೆ, ಗಾಡಿ ವೇಗವಾಗಿ ಓಡುತ್ತಿರುವಾಗ ಅದು ಕಚ್ಚುವುದಿಲ್ಲ. ರಸ್ತೆಗೆ ಅದರಷ್ಟು ಸಾಧು ಬೇರೊಂದಿಲ್ಲ, ಆದರೆ ಕಚ್ಚುವ ಮೊದಲು ಗಾಲಿ ಜಾರಲೇಬೇಕೆಂಬುದೇ ಅದರ ಕೊರತೆ. ಕಲ್ಲಿನ ಮೇಲೆ ಆ ಅರೆಕ್ಷಣ ಏನೂ ಅಲ್ಲ. ಗದ್ದೆಯ ಜೇಡಿಯಲ್ಲಿ ಅಷ್ಟರೊಳಗೆ ಒಂದು ಗೇಣು ಇಳಿದಿರುತ್ತೇನೆ. 2023ರಲ್ಲಿ ಬಂದ ಜಿಮ್ನಿ ಜಾರುವ ಗಾಲಿಗೆ ತಾನೇ ಬ್ರೇಕ್ ಹಾಕಿ ಇದನ್ನೇ ಸಾಧಿಸುತ್ತದೆ, ಆದರೆ ಅದಕ್ಕೆ ಪ್ರತಿ ಗಾಲಿಗೂ ಸೆನ್ಸರ್, ಎಬಿಎಸ್ ಎಲ್ಲ ಬೇಕಾದ್ದರಿಂದ ನಿಮ್ಮ ಗಾಡಿಗೆ ತಂದು ಕೂಡಿಸುವಂಥದ್ದಲ್ಲ.

ಲಾಕರಿಗಿಂತ ಮೊದಲು ಟೈರು ನೋಡಿ ಎಂಬುದು ನನ್ನ ಮಾತು. ರಸ್ತೆ ಟೈರಿನ ಸಂದುಗಳು ಮೊದಲ ಹತ್ತು ಅಡಿಯಲ್ಲೇ ಜೇಡಿಯಿಂದ ತುಂಬಿ ಗಾಲಿ ನುಣ್ಣನೆಯ ಉರುಳೆಯಾಗುತ್ತದೆ. ಆಮೇಲೆ ನಾಲ್ಕನ್ನೂ ಬಿಗಿದರೆ ನಾಲ್ಕೂ ಒಟ್ಟಿಗೆ ಜಾರುತ್ತವೆ, ಅಷ್ಟೇ. ಅದೇ ಅಳತೆಯಲ್ಲಿ ದೊಡ್ಡ ಹಲ್ಲಿನ ಟೈರು ಹಾಕಿಸಿ, ಜೌಗು ಬರುವ ಮುಂಚೆ ಗಾಳಿಯನ್ನು 18 ಪಿಎಸ್‌ಐಗೆ ಇಳಿಸಿ ನೋಡಿ. ತೋಟದಲ್ಲಿ ಕಬ್ಬಿನ ತರಗಿಗೆ ಬರವಿಲ್ಲವಲ್ಲ, ಎರಡು ಹೊರೆ ಹರಡಿದರೆ ಅರ್ಧ ಲಾಕರ್ ಅಲ್ಲೇ ಸಿಕ್ಕಿತು.

ಪ್ರಶ್ನೆ ಕೇಳಿದವರು: ನಾಲೆಏರಿ (ಪಾಂಡವಪುರ)

ಎಲ್ಲರಿಗೂ ಕೃತಜ್ಞತೆಗಳು. ವೆಲ್ಡಿಂಗಿನ ಯೋಚನೆಯನ್ನು ಇಂದಿಗೆ ಬಿಟ್ಟೆ. ಎರಡು ಸಂದೇಹಗಳಿವೆ. ಹ್ಯಾಂಡ್‌ಬ್ರೇಕನ್ನು ಸ್ವಲ್ಪ ಎಳೆದು ಓಡಿಸಿದರೆ ಜಾರುವ ಗಾಲಿ ನಿಲ್ಲುತ್ತದೆ ಎಂದು ಸ್ನೇಹಿತರೊಬ್ಬರು ಹೇಳುತ್ತಾರೆ, ಇದು ನಿಜವೇ? ಲಾಕರ್ ಹಾಕಿಸಿದರೆ ಆರ್.ಟಿ.ಒ., ವಿಮೆಯವರ ತಕರಾರು ಬರುತ್ತದೆಯೇ?

ಉತ್ತರ: ಬನ್ನಿಮಂಟಪ ಗ್ಯಾರೇಜು (ಮೈಸೂರು)

ಹ್ಯಾಂಡ್‌ಬ್ರೇಕಿನ ಉಪಾಯ ನಿಜ, ಅದು ಬಿಟ್ಟಿಯಾಗಿ ಸಿಗುವ ಲಿಮಿಟೆಡ್ ಸ್ಲಿಪ್. ಜಾರುವ ಗಾಲಿಗೆ ಬ್ರೇಕು 200 ನ್ಯೂಟನ್ ಮೀಟರಿನ ಅಡ್ಡಿ ಒಡ್ಡಿದರೆ ಡಿಫ್ ಅದನ್ನು ನೆಲದ ಹಿಡಿತವೆಂದೇ ಎಣಿಸಿ ಆ ಕಡೆಗೆ ಹೆಚ್ಚು ಟಾರ್ಕ್ ಕೊಡುತ್ತದೆ, ಸಮಪಾಲಿನ ನಿಯಮದಿಂದ ಇನ್ನೊಂದು ಗಾಲಿಗೂ ಅಷ್ಟೇ ಹೋಗುತ್ತದೆ. ಗಟ್ಟಿ ನೆಲದ ಗಾಲಿಯ ಬ್ರೇಕೂ ಅದರಲ್ಲಿ ಬಹುಪಾಲನ್ನು ತಿನ್ನುವುದರಿಂದ ಲಾಭ ಪೂರ್ತಿಯಾಗಿ ಸಿಗದು, ಆದರೂ ಕೆಲವೊಮ್ಮೆ ಗುಂಡಿಯಿಂದ ಎದ್ದು ಬರುವಷ್ಟು ಸಿಗಬಹುದು. ಮೊದಲು ಗಾಡಿಯ ಕೆಳಗೆ ತಲೆಹಾಕಿ ಹ್ಯಾಂಡ್‌ಬ್ರೇಕ್ ಕೇಬಲ್ ಎಲ್ಲಿಗೆ ಹೋಗಿದೆ ಎಂದು ನೋಡಿ. ಹಿಂದಿನ ಎರಡು ಡ್ರಮ್ಮುಗಳಿಗೆ ಹೋಗಿದ್ದರೆ ಉಪಾಯ ನಡೆಯುತ್ತದೆ. ಕೆಲವು ಹಳೆಯ ಜೀಪುಗಳಲ್ಲಿರುವಂತೆ ಟ್ರಾನ್ಸ್‌ಫರ್ ಕೇಸಿನ ಹಿಂದೆ ಪ್ರೊಪೆಲ್ಲರ್ ಶಾಫ್ಟಿನ ಮೇಲೆ ಒಂದೇ ಡ್ರಮ್ ಇದ್ದರೆ, ಅದು ಡಿಫಿಗಿಂತ ಮೊದಲೇ ಹಿಡಿಯುವುದರಿಂದ ಎಂಜಿನನ್ನು ದಣಿಸುವುದು ಬಿಟ್ಟರೆ ಬೇರೇನೂ ಆಗದು.

ಕಾನೂನಿನ ಮಟ್ಟಿಗೆ, 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಆರ್.ಸಿ.ಯಲ್ಲಿರುವ ವಿವರಗಳು ತಯಾರಕರು ನಮೂದಿಸಿದ್ದಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಮಾರ್ಪಡಿಸಬಾರದೆನ್ನುತ್ತದೆ. ಲಾಕರಿನಿಂದ ಆರ್.ಸಿ.ಯ ಸಾಲುಗಳೇನೂ ಬದಲಾಗುವುದಿಲ್ಲ, ಆದರೂ ವಿಮೆಯವರಿಗೆ ಮೊದಲೇ ಪತ್ರ ಬರೆದು ಉತ್ತರವನ್ನು ಇಟ್ಟುಕೊಂಡಿರಿ.

ಥಾರಿನವರ ಮಾತಿನಲ್ಲಿ ಹುರುಳಿದೆ. ವರ್ಷವಿಡೀ ಕಲ್ಲು ಹತ್ತುವವರಾಗಿದ್ದರೆ ನಾನೂ ಹಿಂದಕ್ಕೇ ಹಾಕಿ ಎನ್ನುತ್ತಿದ್ದೆ. ಇವರದು ವಾರವಾರವೂ ಸಮತಟ್ಟಾದ ಜೌಗು, ವರ್ಷಕ್ಕೆ ನಾಲ್ಕು ದಿನ ಕಲ್ಲು; ಆ ನಾಲ್ಕು ದಿನ ಸ್ಟಿಯರಿಂಗ್ ಪೂರ್ತಿ ತಿರುಗಿಸಿ ಆಕ್ಸಿಲರೇಟರ್ ತುಳಿಯದಿದ್ದರೆ ಜಾಯಿಂಟು ಉಳಿಯುತ್ತದೆ. ಟೈರು ಮೊದಲು ಎಂಬುದಕ್ಕೆ ನನ್ನ ಪೂರ್ಣ ಸಮ್ಮತಿಯಿದೆ. ಇನ್ನೊಂದು ಕೆಲಸ ಮಾಡಿ: ಮುಂದಿನ ಡಿಫಿನ ಆಯಿಲನ್ನು ಇಳಿಸಿ, ಅದು ಯಾವ ಬಣ್ಣದಲ್ಲಿದೆ ಎಂದು ಇಲ್ಲಿ ಬರೆಯಿರಿ.

ಪ್ರಶ್ನೆ ಕೇಳಿದವರು: ನಾಲೆಏರಿ (ಪಾಂಡವಪುರ)

ಭಾನುವಾರ ನೋಡಿದೆ. ಹ್ಯಾಂಡ್‌ಬ್ರೇಕ್ ಕೇಬಲ್ ಹಿಂದಿನ ಎರಡೂ ಡ್ರಮ್ಮಿಗೆ ಹೋಗಿದೆ. ಗಾಳಿಯನ್ನು 18ಕ್ಕೆ ಇಳಿಸಿ, ಬ್ರೇಕನ್ನು ಮೂರು ಹಲ್ಲು ಎಳೆದುಕೊಂಡು ಅದೇ ಜಾಡಿನಲ್ಲಿ ಹೋದಾಗ ಎರಡು ಕಡೆ ಜಾರಿತಾದರೂ ದಾಟಿಬಂದೆ. ವಾಪಸು ಬರುವಾಗ ಡ್ರಮ್ಮು ಕೈ ಇಡಲಾಗದಷ್ಟು ಕಾದಿತ್ತು, ದಿನಾ ಮಾಡುವ ಕೆಲಸ ಇದಲ್ಲವೆಂದು ತಿಳಿಯಿತು. ಹಿಂದಿನ ಡಿಫ್ ಆಯಿಲ್ ಕಪ್ಪಗೆ, ಸರಿಯಾಗಿಯೇ ಇತ್ತು. ಮುಂದಿನದು ಹಾಲು ಹೆಚ್ಚಾದ ಕಾಫಿಯ ಬಣ್ಣದಲ್ಲಿ ಬಂತು, ಅದಕ್ಕೂ ಮೊದಲು ಒಂದು ಲೋಟದಷ್ಟು ಬರೀ ನೀರೂ ಇಳಿಯಿತು. ಡ್ರೈನ್ ಬೋಲ್ಟಿನ ತುದಿಯಲ್ಲಿ ನುಣ್ಣನೆಯ ಲೋಹದ ಪುಡಿ ಮೆತ್ತಿತ್ತು, ಚೂರುಗಳಿರಲಿಲ್ಲ.

ಉತ್ತರ: ಬನ್ನಿಮಂಟಪ ಗ್ಯಾರೇಜು (ಮೈಸೂರು)

ನಾನು ಅದನ್ನೇ ಊಹಿಸಿದ್ದೆ. ಹೆದ್ದಾರಿಯಲ್ಲಿ ಓಡಿ ಬಿಸಿಯಾದ ಹೌಸಿಂಗು ತಣ್ಣನೆಯ ಜೌಗಿಗೆ ಇಳಿದೊಡನೆ ಒಳಗಿನ ಗಾಳಿ ಕುಗ್ಗುತ್ತದೆ. ಬ್ರೀದರ್ (ಹೌಸಿಂಗಿನ ಗಾಳಿಕಿಂಡಿ) ಕಟ್ಟಿಕೊಂಡಿದ್ದರೆ ಹೌಸಿಂಗು ಸೀಲಿನ ಸಂದಿಯಿಂದ ನೀರನ್ನೇ ಒಳಗೆ ಎಳೆದುಕೊಳ್ಳುತ್ತದೆ. ಆ ನೀರಿನಲ್ಲಿ ಹೊಸ ಲಾಕರ್ ಕೂರಿಸಿದ್ದರೆ ಒಂದೇ ಮಳೆಗಾಲಕ್ಕೆ ಅದರ ಹಲ್ಲಿಗೆ ತುಕ್ಕು ಹಿಡಿಯುತ್ತಿತ್ತು. ಪುಡಿ ನುಣ್ಣಗಿರುವುದರಿಂದ ಕ್ರೌನ್ ಪಿನಿಯನ್ ಇನ್ನೂ ಉಳಿದಿದೆ ಎಂದುಕೊಳ್ಳಬಹುದು. ಮುಂದಿನ ಎರಡೂ ಸೀಲು ಬದಲಾಯಿಸಿ, ಬ್ರೀದರಿಗೆ ರಬ್ಬರ್ ನಳಿಕೆ ಸಿಕ್ಕಿಸಿ ಬಾನೆಟ್ಟಿನೊಳಗೆ ಬ್ಯಾಟರಿಯ ಎತ್ತರಕ್ಕೆ ಒಯ್ದು ತುದಿಯನ್ನು ಕೆಳಮುಖವಾಗಿ ಕಟ್ಟಿಸಿ, ಹೊಸ 90ರ ಗೇರ್ ಆಯಿಲ್ ತುಂಬಿಸಿ. ಹೇಗಿದ್ದರೂ ಸೀಲಿಗಾಗಿ ಶಾಫ್ಟು ಹೊರಗೆ ಬರುತ್ತದೆ. ಆಗ ಸ್ಪ್ಲೈನ್ ಹಲ್ಲು ಎಣಿಸಿ, ಒಂದು ಫೋಟೋ ತೆಗೆದು ಇಲ್ಲಿ ಹಾಕಿ. ಲಾಕರಿನ ಆರ್ಡರ್ ಅದಾದ ಮೇಲೆ ಕೊಡೋಣ.